ಹೆಸರು ಕೊನೆಗೆ

ಬೈನೆಕೊಲ್ಲಿ ಹಾಡಿ, ತಿರುನೆಲ್ಲಿ ಪಂಚಾಯಿತಿ
12 ಜೂನ್ 2024

ಪ್ರಿಯಾ,

ಕಾಟ್ಟಿಕುಳದ ಬಸ್ ಸ್ಟಾಂಡಿನಿಂದ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಹಾಡಿಯಲ್ಲಿ ರೇಂಜ್ ಇಲ್ಲವೆಂಬುದು ನಿನಗೆ ಗೊತ್ತೇ ಇದೆ. ಹಾಗಾಗಿ ಈ ಕಾಗದ. ಕೇರಳದ ಗಡಿ ದಾಟಿ ಕರ್ನಾಟಕದ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಕನ್ನಡ ಕಲಿತವರು ನಾವು. ಜಗಳವಾಡುವುದಿದ್ದರೂ ಕನ್ನಡದಲ್ಲೇ ಆಡೋಣ.

ನೀನು ನಾಲ್ಕು ವರ್ಷ ನಡೆಸಿದ ದೊಡ್ಡವರ ಕ್ಲಾಸನ್ನು ನಾನು ಕಿತ್ತುಕೊಂಡೆ ಎಂದು ನಿನ್ನ ಸಿಟ್ಟು. ನಾನು ಕೇಳಿ ಪಡೆದದ್ದಲ್ಲ. ಟೀಚರ್ ಟ್ರೈನಿಂಗಿಗೆಂದು ನೀನು ಮೈಸೂರಿಗೆ ಹೋದ ಮೇಲೆ ಸಾಕ್ಷರತಾ ಸಂಸ್ಥೆಯ ಸುಧೀಷ್ ಸಾರ್ ನಮ್ಮ ಮನೆಗೇ ಬಂದು, ಎರಡು ವರ್ಷ ಕ್ಲಾಸಿಗೆ ಬೀಗ ಹಾಕಲಾಗುವುದಿಲ್ಲ ಎಂದರು. ಆಯಿತು ಎಂದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಅದು ನನ್ನ ತಪ್ಪು.

ಸಂಸ್ಥೆಯ ಮಲಯಾಳ ಪಾಠದ ಪುಸ್ತಕದಲ್ಲಿ ಹನ್ನೊಂದು ಜನಕ್ಕೂ ಒಂದೇ ಪಾಠ. ನಿನ್ನ ನೀಲಿ ರಟ್ಟಿನ ನೋಟ್ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಶಾಂತಕ್ಕನಿಗೆ ಬಸ್ಸಿನ ಬೋರ್ಡು. ಅಮ್ಮು ಅಜ್ಜಿಗೆ ಬೆಳಗಿನ ಮಾತ್ರೆ ಯಾವುದು, ರಾತ್ರಿಯದು ಯಾವುದು ಎಂದು ತಿಳಿಯುವಷ್ಟು ಅಕ್ಷರ. ನಿನ್ನ ಸೋದರಮಾವ ರಾಮನ್‌ಗೆ ಕರಿಮೆಣಸು ತೂಗುವಾಗ ತಕ್ಕಡಿಯಲ್ಲಿ ಕಾಣುವ ಅಂಕಿ. ನಾನು ಆ ಪುಸ್ತಕ ಹಿಡಿದುಕೊಂಡೇ ಕಲಿಸುತ್ತಿದ್ದೇನೆ. ಸಂಜೆ ಆರಕ್ಕೆ ಮುಗಿಸುತ್ತೇನೆ, ಆಮೇಲೆ ದಾರಿ ಆನೆಗಳದ್ದಲ್ಲವೇ.

ನಿನ್ನ ಅಪ್ಪನ ಪುಟದಲ್ಲಿ ಮಾತ್ರ ಎರಡೇ ಮಾತು ಇವೆ. "ಮೊದಲು ಓದು. ಹೆಸರು ಕೊನೆಗೆ." ಕೆಳಗೆ ಕೆಂಪು ಗೆರೆ. ಯಾಕೆ? ಚಿಕ್ಕಮಾದಣ್ಣನಿಗೆ ಓದುವ ಪಾಠ ಬೇಡವೇ ಬೇಡ. ಕಾಗೆ, ಕೊಕ್ಕರೆ ಎಂದು ಶುರು ಮಾಡಿದರೆ ಗೋಡೆಗೆ ಒರಗಿ ನಿದ್ದೆ ಹೊಡೆಯುತ್ತಾರೆ. ಮೊನ್ನೆ ಎಲ್ಲರ ಎದುರು ಕೇಳಿಯೇಬಿಟ್ಟರು:

"ಎಲ್ಲಾರ್ಗೂ ಅವ್ರವ್ರಿಗೆ ಬೇಕಾದ್ದು ಕೊಡ್ತೀರ. ನಾ ಕೇಳದು ನಾಕೇ ಅಕ್ಷರ. ನನ್ ಹೆಸ್ರು. ಅದ್ಕೆ ಕೈ ಬರಲ್ವಾ ಟೀಚರೇ?"

ಶುಂಠಿ ಕಿತ್ತು ಕಿತ್ತು ಅವರ ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದು ಹೋಗಿದೆ. ರೇಷನ್ ಅಂಗಡಿಯ ಮೆಷಿನ್ ಕೂಡ ಹಿಡಿಯುವುದಿಲ್ಲ. ಹಿಂದೆ ನಿಂತವರು ನಗುತ್ತಾರಂತೆ. ಸೆಪ್ಟೆಂಬರ್ ಎಂಟು ಸಾಕ್ಷರತಾ ದಿನ, ಅಷ್ಟರೊಳಗೆ ಹನ್ನೊಂದು ಜನವೂ ವೇದಿಕೆಯ ಮೇಲೆ ಹೆಸರು ಬರೆಯಬೇಕು ಎಂದು ಸುಧೀಷ್ ಸಾರ್ ಬೇರೆ ಬೆನ್ನು ಬಿದ್ದಿದ್ದಾರೆ. ಬೇಗ ಬರೆ.

ಈಗಲೂ ನಿನ್ನವಳೇ ಎಂದುಕೊಂಡಿರುವ
ಮಿನಿ

*

ಮೈಸೂರು
30 ಜೂನ್ 2024

ಮಿನಿ,

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಕಾಯುತ್ತಿದ್ದೆ. ಬಂದೆಯಲ್ಲ, ನನ್ನದೇ ಪುಸ್ತಕ ಹಿಡಿದುಕೊಂಡು.

ಆ ಪುಟಗಳನ್ನು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಮೊದಲ ವರ್ಷ ನಾನೂ ಸಂಸ್ಥೆಯ ಪುಸ್ತಕವನ್ನೇ ಉರು ಹೊಡೆಸಿದವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಯಿತು. ಅಮ್ಮು ಅಜ್ಜಿ ಎರಡು ಹೊತ್ತಿನ ಮಾತ್ರೆ ಒಟ್ಟಿಗೆ ನುಂಗಿ ಬಿದ್ದ ದಿನ ನನಗೆ ಬುದ್ಧಿ ಬಂತು. ಹಾಗಾಗಿ ಆ ಪುಸ್ತಕದಲ್ಲಿರುವುದನ್ನು ಸುಧೀಷ್ ಸಾರ್‌ಗಾಗಿ ತಿದ್ದಬೇಡ.

ಅಪ್ಪನ ವಿಷಯದಲ್ಲಿ ಬರೆದಿರುವಂತೆ ಮಾಡು. ಕಾರಣ ಕೇಳಬೇಡ. ಕಾರಣ ಇನ್ನೊಬ್ಬರ ಮರ್ಯಾದೆಯ ವಿಷಯ, ಅವರು ಅದೇ ಕ್ಲಾಸಿನಲ್ಲಿ ಕೂರುತ್ತಾರೆ. ಅಪ್ಪ ಎಷ್ಟೇ ಗೋಗರೆದರೂ ಹೆಸರು ಕಲಿಸಬೇಡ. ನಾನೂ ನಾಲ್ಕು ವರ್ಷ ಆ ಗೋಗರೆತ ಕೇಳಿ ಕಲ್ಲಾಗಿದ್ದವಳು. ಹೊರಡುವ ದಿನ ಅವರು ಬಸ್ಸಿನ ತನಕ ಬರಲಿಲ್ಲ.

ಪ್ರಿಯ

*

ಬೈನೆಕೊಲ್ಲಿ
10 ಸೆಪ್ಟೆಂಬರ್ 2024

ಪ್ರಿಯಾ,

ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಹೆಸರು ಕಲಿಸಿದೆ. ಹದಿನೆಂಟು ದಿನ ಹಿಡಿಯಿತು. ಕಾಟ್ಟಿಕುಳದ ಸಭಾಭವನದಲ್ಲಿ ನಿನ್ನ ಅಪ್ಪ ವೇದಿಕೆ ಹತ್ತಿ ಒಂದೊಂದೇ ಗೆರೆಯನ್ನು ನಿಧಾನವಾಗಿ ಎಳೆಯತೊಡಗಿದರು. ಅತಿಥಿಗಳು ಗಡಿಯಾರ ನೋಡಿಕೊಂಡರು. ಇವರು ಯಾರಿಗೂ ಸೊಪ್ಪು ಹಾಕದೆ ನಾಲ್ಕು ಅಕ್ಷರವನ್ನೂ ಬರೆದು, ಕೆಳಗಿಳಿದು ಬಂದು, ಮಸಿಯಿಲ್ಲದ ಹೆಬ್ಬೆಟ್ಟನ್ನು ನನ್ನ ಮುಖದ ಹತ್ತಿರ ಹಿಡಿದು ತೋರಿಸಿದರು. ನಾನು ಅತ್ತೆ. ನೀನಿದ್ದಿದ್ದರೆ ನೀನೂ ಅಳುತ್ತಿದ್ದೆ, ಸುಮ್ಮನೆ ಬಿಗುಮಾನ ಮಾಡಬೇಡ. ಮರುದಿನ ಫೋಟೋ ಪೇಪರಿನಲ್ಲಿ ಬಂತು. ಈಗ ಅಕ್ಕಿಯ ಡಬ್ಬಿಯ ಮೇಲೆ, ಕೊಡೆಯ ಹಿಡಿಯ ಮೇಲೆ, ಕೋಳಿಗೂಡಿನ ಬಾಗಿಲ ಮೇಲೆ, ಎಲ್ಲ ಕಡೆ ಇದ್ದಿಲಿನಲ್ಲಿ "ಚಿಕ್ಕಮಾದು".

ಹನ್ನೊಂದು ಜನಕ್ಕೂ ಸರ್ಟಿಫಿಕೇಟು ಸಿಕ್ಕಿತು. "ಓದಲು ಮತ್ತು ಬರೆಯಲು ಬಲ್ಲರು" ಎಂದು ಅಚ್ಚಾಗಿದೆ, ಕೆಳಗೆ ನನ್ನ ಸಹಿ. ನಿನ್ನ ಅಪ್ಪನ ಮಟ್ಟಿಗೆ ಅದು ಅರ್ಧ ಸುಳ್ಳು, ಒಪ್ಪುತ್ತೇನೆ. ಆದರೆ ನಿನ್ನ ನೀಲಿ ಪುಸ್ತಕದಲ್ಲಿ ಸುಳ್ಳು ಬರೆದಿಲ್ಲ. ಅವರ ಪುಟದಲ್ಲಿ ತಾರೀಖು ಹಾಕಿ, "ಹೆಸರು ಬರೆಯುತ್ತಾರೆ. ನಾಲ್ಕು ಅಕ್ಷರ. ಬೇರೇನೂ ಬಾರದು" ಎಂದಿದ್ದೇನೆ.

ಅವರಿಗೆ ಬೇಕಾದ ಪಾಠವನ್ನು ಅವರೇ ಆರಿಸಿಕೊಂಡರು. ಅರವತ್ತೆರಡು ವರ್ಷದ ಮನುಷ್ಯನಿಗೆ ಅಷ್ಟೂ ಹಕ್ಕಿಲ್ಲವೇ?

ಮಿನಿ

*

ಬೈನೆಕೊಲ್ಲಿ
21 ಅಕ್ಟೋಬರ್ 2024

ಪ್ರಿಯಾ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಇದಕ್ಕಾದರೂ ಬರೆಯಲೇಬೇಕು. ಹೇಗೆ ಶುರು ಮಾಡಲಿ ಎಂದು ತಿಳಿಯದೆ ಎರಡು ಹಾಳೆ ಹರಿದೆ.

ಶುಕ್ರವಾರ ಬೆಳಿಗ್ಗೆ ಶಾಂತಕ್ಕ ಕೊಡ ಹಿಡಿದು ಕೇಣಿಗೆ ಹೋದಳು. ನಿನ್ನ ಅಪ್ಪನ ಗದ್ದೆಯ ಮೂಲೆಯಲ್ಲಿರುವ ಕೇಣಿ, ಬೈನೆ ಮರದ ಕಾಂಡ ಕೊರೆದು ನಿಮ್ಮ ಮುತ್ತಜ್ಜಂದಿರು ಹೂತ ಬಾವಿ, ಒಂಬತ್ತು ಮನೆಗಳ ಕುಡಿಯುವ ನೀರು. ಅದರ ಸುತ್ತ ಸಿಮೆಂಟಿನ ಕಂಬ ನೆಟ್ಟಿದ್ದರು. ಇಬ್ಬರು ಕೆಲಸದವರು ಚಪ್ಪಲಿ ಹಾಕಿಕೊಂಡೇ ಕೇಣಿಯ ಕಲ್ಲಿನ ಮೇಲೆ ನಿಂತು ತಂತಿ ಎಳೆಯುತ್ತಿದ್ದರಂತೆ. ಕೇಳಿದರೆ, ಇದು ಮೇಲಿನ ರೆಸಾರ್ಟಿನ ಜಾಗ, ಮಾದೇಟ್ಟನೇ, ಎಂದರೆ ನಿನ್ನ ಅಪ್ಪನೇ, ಬರೆದುಕೊಟ್ಟಿದ್ದಾರೆ ಎಂದರು.

ಆದದ್ದು ಇಷ್ಟು. ಅಕ್ಟೋಬರ್ ಒಂಬತ್ತರಂದು ರೆಸಾರ್ಟಿನ ಏಜೆಂಟ್ ಸಜೀವ್ ಕಾಟ್ಟಿಕುಳದ ಚಹಾದಂಗಡಿಯಲ್ಲಿ ನಿನ್ನ ಅಪ್ಪನನ್ನು ಹಿಡಿದಿದ್ದಾನೆ. ಆನೆ ಬರದಂತೆ ಬೇಲಿ ಹಾಕುತ್ತೇವೆ, ನಿಮ್ಮ ಗದ್ದೆಗೂ ಆಗುತ್ತದೆ, ಒಂದು ಸಹಿ ಬೇಕು ಎಂದಿದ್ದಾನೆ. ನಿನ್ನ ಅಪ್ಪ ಹಾಡಿಗೆ ತಂದು ಓದಿಸುತ್ತೇನೆ ಎಂದರಂತೆ. ಅದಕ್ಕೆ ಅವನು, "ಅದು ಹೆಬ್ಬೆಟ್ಟಿನೋರ್ಗೆ ಮಾದೇಟ್ಟಾ. ನೀವು ಪೇಪರಲ್ ಬಂದ ಆಳು, ನಿಮ್ಗ್ಯಾರ್ ಓದ್ ಹೇಳ್ಬೇಕು?" ಎಂದನಂತೆ. ಸುತ್ತ ಜನ ಕೂತಿದ್ದರು. ಇವರು ನಾಲ್ಕು ಅಕ್ಷರ ಬರೆದರು.

ಕೇಣಿ ಇರುವ ಹನ್ನೆರಡು ಸೆಂಟ್ ಜಾಗದಲ್ಲಿ ನನಗೆ ಹಕ್ಕಿಲ್ಲ, ಅದು ರೆಸಾರ್ಟಿನ ಗಡಿಯೊಳಗಿನದು, ಬೇಲಿಗೆ ನನ್ನ ತಕರಾರಿಲ್ಲ, ಓದಿ ತಿಳಿದು ಸಹಿ ಮಾಡಿದ್ದೇನೆ. ಕಾಗದದಲ್ಲಿ ಇದ್ದದ್ದು ಅದು.

ಡಬ್ಬಿ, ಕೊಡೆ, ಕೋಳಿಗೂಡಿನ ಮೇಲೆ ಬರೆದ ಹೆಸರನ್ನೆಲ್ಲ ನಿನ್ನ ಅಪ್ಪ ಒರೆಸಿ ಹಾಕಿದ್ದಾರೆ. ಹೆಂಗಸರು ನೀರಿಗೆ ಹೊಳೆಯ ತನಕ ಇಳಿಯುತ್ತಿದ್ದಾರೆ, ಒಂದೂವರೆ ಮೈಲಿ. ಮಾನಂತವಾಡಿಯ ಕಂದಾಯ ಕಚೇರಿಗೆ ದೂರು ಕೊಟ್ಟಿದ್ದೇವೆ.

ನೀನು ಕಾರಣ ಹೇಳಿದ್ದಿದ್ದರೆ!

ಮಿನಿ

*

ಮೈಸೂರು
29 ಅಕ್ಟೋಬರ್ 2024

ಮಿನಿ,

ಕಾರಣ ಕೇಳಿದೆಯಲ್ಲ, ತಗೋ.

ಹೆಬ್ಬೆಟ್ಟು ಒತ್ತುವವನಿಗೆ ಕಾಗದ ಓದಿ ಹೇಳಬೇಕು. "ಓದಿ ಹೇಳಿದೆ" ಎಂದು ಕೆಳಗೆ ಬರೆದು ಇಬ್ಬರು ಸಾಕ್ಷಿ ಹಾಕಬೇಕು. ನಮ್ಮ ಹಾಡಿಯಲ್ಲಿ ಅದು ಇನ್ನೂ ಗಟ್ಟಿ: ಹೆಬ್ಬೆಟ್ಟು ಬೀಳುವ ಯಾವ ಕಾಗದವನ್ನೂ ಕೇಣಿಯ ಕಲ್ಲಿನ ಹತ್ತಿರ ಒಂಬತ್ತು ಮನೆಯವರೂ ಕೂತು ಕೇಳಿದ ಮೇಲೆಯೇ ಮಸಿ. ಸಹಿ ಹಾಕುವವನಿಗೆ ಇದ್ಯಾವುದೂ ಇಲ್ಲ. ಸಹಿ ಹಾಕಿದ ಎಂದರೆ ಓದಿದ ಎಂದೇ ಲೆಕ್ಕ. ರಾಮನ್ ಮಾವ ಚಿಕ್ಕವನಿದ್ದಾಗ ಯಾವುದೋ ಶಿಬಿರದಲ್ಲಿ ಹೆಸರು ಮಾತ್ರ ಕಲಿತ. ಒಂದು ವರ್ಷ ಶುಂಠಿ ಬೆಳೆಯಲೆಂದು ಗದ್ದೆ ಕೊಟ್ಟ ಕಾಗದಕ್ಕೆ ಸಹಿ ಹಾಕಿದ. ಅದರಲ್ಲಿ ಹತ್ತು ವರ್ಷ ಎಂದಿತ್ತು. ಇವತ್ತಿನವರೆಗೂ ಹಾಡಿಯಲ್ಲಿ ಮಾವ ಅದನ್ನು ಬಾಯಿ ಬಿಟ್ಟಿಲ್ಲ. ನನಗೆ ಹೇಳಿದ್ದು ಆಣೆ ಹಾಕಿಸಿಕೊಂಡು. ಎಲ್ಲರ ಮುಂದೆ ತೆರೆದಿರುವ ಪುಸ್ತಕದಲ್ಲಿ ಅದನ್ನು ಬರೆಯಲೇ?

ಓದು ಬಾರದವನ ಕೈಗೆ ಸಹಿ ಕೊಟ್ಟೆ ನೀನು. ಚಪ್ಪಾಳೆಗಾಗಿ ಕೊಟ್ಟೆ. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಈಗ ಕೇಳು. ಇಲ್ಲಿನ ವಕೀಲರೊಬ್ಬರನ್ನು ವಿಚಾರಿಸಿದೆ. ಉಳಿದಿರುವ ದಾರಿ ಒಂದೇ. ಅಕ್ಟೋಬರ್ ಒಂಬತ್ತರಂದು ಅಪ್ಪನಿಗೆ ಓದಲು ಬರುತ್ತಿರಲಿಲ್ಲ ಎಂದು ಕಚೇರಿಯಲ್ಲಿ ತೋರಿಸಬೇಕು. ಸರ್ಟಿಫಿಕೇಟು ಸುಳ್ಳು ಎಂದು ಸಹಿ ಮಾಡಿದ ನೀನೇ ಹೇಳಬೇಕು. ವಿಚಾರಣೆ ಮುಗಿಯುವವರೆಗೆ ಅಪ್ಪನಿಗೆ ಒಂದೇ ಒಂದು ಅಕ್ಷರ ಹೊಸದಾಗಿ ಕಲಿಸಬೇಡ. ಅಲ್ಲಿ ಅವರು ಒಂದು ಸಾಲು ಓದಿದರೂ ಕೇಣಿ ಹೋಯಿತು.

ಪ್ರಿಯ

*

ಬೈನೆಕೊಲ್ಲಿ
24 ನವೆಂಬರ್ 2024

ಪ್ರಿಯಾ,

ನೀನು ಬರೆದದ್ದು ನಿಜ. ಚಪ್ಪಾಳೆ ನನಗೂ ಬೇಕಿತ್ತು.

ವಿಚಾರಣೆ ಜನವರಿ ಹದಿನಾರಕ್ಕೆ. ಸುಧೀಷ್ ಸಾರ್‌ಗೆ ಹೇಗೋ ಸುದ್ದಿ ಮುಟ್ಟಿ, ನನ್ನನ್ನು ಕರೆಸಿದರು. ಬಾಗಿಲು ಮುಂದೆ ಮಾಡಿ ಹೇಳಿದರು, "ಒಂದು ಸರ್ಟಿಫಿಕೇಟು ಸುಳ್ಳಾದರೆ ಹನ್ನೊಂದೂ ಸುಳ್ಳು. ಶಾಂತೆಗೆ ಹಾಸ್ಟೆಲಿನ ಅಡುಗೆ ಕೆಲಸ ಸಿಕ್ಕಿದ್ದು ಅದರಿಂದಲೇ. ಅವಳ ಕೆಲಸ ಕಳೆದು ನೀನು ಯಾರನ್ನು ಉದ್ಧಾರ ಮಾಡುತ್ತೀಯ?" ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಇನ್ನು ಮುಂದೆ ಯಾವ ಹಾಡಿಯಲ್ಲೂ ನನಗೆ ಕ್ಲಾಸು ಸಿಗುವುದಿಲ್ಲ ಎಂಬುದನ್ನೂ ಅವರು ಮೆತ್ತಗೆ ಹೇಳಿದರು. ನನಗೆ ಭಯವಾಗಿದೆ. ಬೇರೆ ಯಾರಿಗೂ ಇದನ್ನು ಹೇಳಿಲ್ಲ.

ಅದಕ್ಕಿಂತ ಕಷ್ಟ ನಿನ್ನ ಅಪ್ಪನದು. ಕಚೇರಿಯಿಂದ ಆ ಕಾಗದದ ನಕಲು ಸಿಕ್ಕ ಮೇಲೆ ಪ್ರತಿ ಸಂಜೆ ಐದಕ್ಕೆ ಸರಿಯಾಗಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರುತ್ತಾರೆ.

"ಇದ್ ಓದಕ್ ಕಲ್ಸಿ ಟೀಚರೇ. ಬೇರೇನೂ ಬ್ಯಾಡ. ನಾ ಏನ್ ಬರ್ಕೊಟ್ಟೆ ಅಂತ ನನ್ ಕಣ್ಣಾರೆ ಓದ್ಬೇಕು."

ಈಗ ಬೇಡ, ಜನವರಿ ಕಳೆಯಲಿ ಎನ್ನುತ್ತೇನೆ. ಯಾಕೆಂದು ಹೇಳಿಯೂ ಇದ್ದೇನೆ. ಅವರು ಎದ್ದು ಹೊರಗೆ ಹೋಗಿ ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂರುತ್ತಾರೆ, ಕ್ಲಾಸು ಮುಗಿಯುವ ತನಕ. ಒಳಗೆ ಹತ್ತು ಜನ ಓದುವ ದನಿ ಅವರಿಗೆ ಕೇಳಿಸುತ್ತದೆ. ನಿದ್ದೆ ಮಾತ್ರ ಹೊಡೆಯುವುದಿಲ್ಲ ಈಗ.

ಮಿನಿ

*

ಮೈಸೂರು
3 ಡಿಸೆಂಬರ್ 2024

ಮಿನಿ,

ಕೂರಲಿ. ಆರು ವಾರ ಕಲ್ಲಿನ ಮೇಲೆ ಕೂತರೆ ಯಾರೂ ಸಾಯುವುದಿಲ್ಲ. ಕರುಣೆ ತೋರಿಸಿ ಒಮ್ಮೆ ಕೆಡಿಸಿದ್ದೀಯ, ಅಷ್ಟು ಸಾಕು.

ಹದಿನಾರರಂದೇ ನನಗೆ ಪಾಠದ ಪರೀಕ್ಷೆ, ಬರಲು ಬಿಡುವುದಿಲ್ಲ. ನೀನು ಬಾಯಿ ಬಿಡುತ್ತೀಯೋ ಇಲ್ಲವೋ, ಅದನ್ನು ಹೇಳು.

ಪ್ರಿಯ

*

ಬೈನೆಕೊಲ್ಲಿ
5 ಜನವರಿ 2025

ಪ್ರಿಯಾ,

ಮುಚ್ಚಿಟ್ಟು ಬದುಕುವುದು ನನಗೆ ಆಗುವುದಿಲ್ಲ. ಡಿಸೆಂಬರ್ ಎರಡರಿಂದ ನಿನ್ನ ಅಪ್ಪನಿಗೆ ಆ ಕಾಗದ ಕಲಿಸುತ್ತಿದ್ದೇನೆ. ನಿನ್ನ ಹಿಂದಿನ ಪತ್ರ ಬಂದಾಗ ಆಗಲೇ ಶುರುವಾಗಿತ್ತು, ಅದನ್ನು ಓದಿದ ಮೇಲೂ ನಿಲ್ಲಿಸಲಿಲ್ಲ.

ಡಿಸೆಂಬರ್ ಒಂದರ ಸಂಜೆ ಅವರು ಕಲ್ಲಿನ ಮೇಲೆ ಇರಲಿಲ್ಲ. ಹುಡುಕಿಕೊಂಡು ಹೋದರೆ ತಂತಿಯ ಹೊರಗೆ ಕೇಣಿಯ ಕಡೆ ಮುಖ ಮಾಡಿ ನಿಂತಿದ್ದರು, ಚಪ್ಪಲಿ ದೂರ ಬಿಟ್ಟು. ನನ್ನ ಕಡೆ ತಿರುಗದೆ ಹೇಳಿದರು:

"ಮಗ್ಳು ಓದು ಅಂದ್ಳು, ಹೆಸ್ರು ಕೊಡ್ಲಿಲ್ಲ. ನೀವ್ ಹೆಸ್ರು ಕೊಟ್ರಿ, ಓದ್ ಕೊಡ್ಲಿಲ್ಲ. ಈಗ ಇಬ್ರೂ ಸೇರಿ ಬಾಯ್ ಮುಚ್ಕೊಂಡ್ ಕೂರು ಅಂತೀರ. ಆ ಸಜೀವ ಒಬ್ನೇ ನನ್ನ ದೊಡ್ ಮನ್ಸ ಅಂದಿದ್ದು. ಅದೂ ಕಳ್ತನಕ್ಕೆ."

ಇದನ್ನು ಕೇಳಿದ ಮೇಲೂ ನಾನು ಜನವರಿ ಕಳೆಯಲಿ ಎನ್ನಬೇಕಿತ್ತೇ?

ಒಟ್ಟು ಒಂಬತ್ತು ಸಾಲು ಆರಿಸಿದ್ದೇನೆ. ಕಾಗೆ ಕೊಕ್ಕರೆ ಇಲ್ಲ. ಮೊದಲ ದಿನದ ಪಾಠ "ಕೇಣಿ". ಎರಡನೆಯ ದಿನ "ಹಕ್ಕು". ನಾಲ್ಕು ವರ್ಷ ನಿನ್ನ ಎದುರು, ಮೂರು ತಿಂಗಳು ನನ್ನ ಎದುರು ಗೋಡೆಗೆ ಒರಗಿ ಗೊರಕೆ ಹೊಡೆದ ಮನುಷ್ಯ ಈಗ ಒಂದು ಅಕ್ಷರವನ್ನೂ ಎರಡನೇ ಸಲ ಕೇಳುವುದಿಲ್ಲ. ನಿನ್ನ ಪುಸ್ತಕದ ಅವರ ಪುಟದಲ್ಲಿ ದಿನ ದಿನದ್ದನ್ನೂ ತಾರೀಖು ಹಾಕಿ ಬರೆದಿದ್ದೇನೆ. ಮೊನ್ನೆ ಏಳನೆಯ ಸಾಲಿಗೆ ಬಂದೆವು.

ಕಚೇರಿಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ.

ಮಿನಿ

*

ಮೈಸೂರು
9 ಜನವರಿ 2025

ಮಿನಿ,

ನಮ್ಮ ಕೇಣಿಗೆ ಮಣ್ಣು ಹಾಕಿದವನು ಸಜೀವ್ ಅಲ್ಲ, ನೀನು. ಅವರಿಗೆ ನೋವಾಯಿತೆಂದು ಒಂಬತ್ತು ಮನೆಯ ನೀರು ಕೊಟ್ಟೆಯಲ್ಲ!

ಇನ್ನು ಒಂದೇ ಉಪಾಯ. ಕಚೇರಿಯಲ್ಲಿ ಕಾಗದ ಕೈಗೆ ಕೊಟ್ಟರೆ, ನನಗೆ ಓದಲು ಬರುವುದಿಲ್ಲ ಎಂದು ಅಪ್ಪ ಹೇಳಬೇಕು. ಅಷ್ಟೇ. ಮಗಳು ಕಾಲು ಹಿಡಿದು ಕೇಳಿದಳು ಎಂದು ಹೇಳು. ಇದನ್ನು ಅವರಿಗೆ ಓದಿ ಹೇಳು, ಇವತ್ತೇ ಹೇಳು.

ಪ್ರಿಯ

*

ಬೈನೆಕೊಲ್ಲಿ
17 ಜನವರಿ 2025

ಪ್ರಿಯಾ,

ನಿನ್ನೆ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಿನ್ನ ಪತ್ರವನ್ನು ಹದಿಮೂರರಂದೇ ಅವರಿಗೆ ಓದಿ ಹೇಳಿದ್ದೆ. "ಶರಿ" ಎಂದರು. ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಒಂಬತ್ತು ಮನೆಯವರೂ ಹೊರಟೆವು. ಶಾಂತಕ್ಕನೇ ಬೋರ್ಡು ಓದಿ ಎಲ್ಲರನ್ನೂ ಹತ್ತಿಸಿದಳು. ದಾರಿಯಲ್ಲಿ ನಾನು ಅವಳ ಕೈ ಹಿಡಿದು, ನಾನು ಬಾಯಿ ಬಿಟ್ಟರೆ ನಿನ್ನ ಕೆಲಸಕ್ಕೆ ಕುತ್ತು ಬರಬಹುದು ಎಂದೆ. "ನನ್ ಕೂರ್ಸಿ ಓದ್ಸಿ ನೋಡ್ಲಿ, ನಾ ಓದ್ತೀನಿ. ನಂದು ಸುಳ್ಳಲ್ಲ," ಎಂದಳು.

ರೆಸಾರ್ಟಿನ ವಕೀಲರು ಮೊದಲು ಪೇಪರಿನ ಫೋಟೋ ಇಟ್ಟರು, ಆಮೇಲೆ ಸರ್ಟಿಫಿಕೇಟು. ಅಧಿಕಾರಿ ಒಬ್ಬ ವಯಸ್ಸಾದ ಹೆಂಗಸು. ಕನ್ನಡಕ ಏರಿಸಿಕೊಂಡು ಆ ಕಾಗದವನ್ನು ನಿನ್ನ ಅಪ್ಪನ ಕೈಗೆ ಕೊಟ್ಟು, "ಇದನ್ನು ಓದಲು ಬರುತ್ತದೆಯೇ?" ಎಂದರು.

ನಿನ್ನ ಅಪ್ಪ ಕಾಗದ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎದ್ದು ನಿಂತು, ಬೆರಳಿಟ್ಟು, ಓದತೊಡಗಿದರು.

ಪ್ರಿಯಾ, ಒಂದೊಂದೇ ಅಕ್ಷರ ಕೂಡಿಸಿ ಒಂಬತ್ತು ಸಾಲನ್ನೂ ಓದಿದರು. "ಕೇಣಿ" ಎಂಬಲ್ಲಿ ದನಿ ಸ್ವಲ್ಪ ಮೇಲೆ ಹೋಯಿತು. ವಕೀಲರು ಮುಗುಳ್ನಕ್ಕು ಕುರ್ಚಿಗೆ ಒರಗಿದರು. ಹಿಂದೆ ರಾಮನ್ ಮಾವ "ಅಯ್ಯೋ ಮಾದಾ" ಎಂದದ್ದು ಕೇಳಿಸಿತು. ಎಲ್ಲ ಮುಗಿಯಿತು ಎಂದುಕೊಂಡೆ.

ನಿನ್ನ ಅಪ್ಪ ಕಾಗದ ಮಡಿಸಲಿಲ್ಲ. ಹೇಳಿದರು:

"ಇವತ್ ಓದ್ದೆ ಮೇಡಂ. ಸಹಿ ಹಾಕಿದ್ ದಿನ ಒಂದಕ್ಷರ ಬರ್ತಿರ್ಲಿಲ್ಲ. ಇದು ನನ್ ಪಾಠ. ಈ ಕಾಗ್ದದಲ್ಲೇ ಟೀಚರು ನಂಗೆ ಓದ್ ಕಲ್ಸಿದ್ದು. ಅವತ್ತು ಹಿಂಗ್ ಓದಕ್ ಬಂದಿದ್ರೆ ನಮ್ ಮಕ್ಳು ಕುಡ್ಯೋ ನೀರ್‌ನ ಬರ್ದ್ ಕೊಡ್ತಿದ್ನಾ?"

"ಹೇಳಿಕೊಟ್ಟ ಮಾತು," ಎಂದರು ವಕೀಲರು.

ಅಧಿಕಾರಿ ಮೇಜಿನ ಮೇಲಿದ್ದ ಅಂದಿನ ಪೇಪರನ್ನು ತೆಗೆದು ಕೊಟ್ಟರು. "ಇದನ್ನು ಓದಿ."

ನಿನ್ನ ಅಪ್ಪ ಪೇಪರಿನ ಮೇಲೆ ಬೆರಳಾಡಿಸಿದರು. ಒಂದು ಅಕ್ಷರ ಹೇಳಿದರು, ಎರಡು ಬಿಟ್ಟರು. ಬೆವರಿದರು. ಐದು ನಿಮಿಷದಲ್ಲಿ ಒಂದು ಪದವೂ ಪೂರ್ತಿಯಾಗಲಿಲ್ಲ. "ಈ ಅಕ್ಷರೆಲ್ಲ ಇನ್ನೂ ಬಂದಿಲ್ಲ ಮೇಡಂ," ಎಂದು ತಲೆ ತಗ್ಗಿಸಿದರು. ಅಷ್ಟು ಜನರ ಎದುರು.

ಅಧಿಕಾರಿ ನನ್ನ ಕಡೆ ತಿರುಗಿ, ಸರ್ಟಿಫಿಕೇಟಿನಲ್ಲಿರುವ ಸಹಿ ನಿಮ್ಮದೇ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಸುಧೀಷ್ ಸಾರ್ ಕೂತಿದ್ದರು. ನನ್ನದೇ, ಆದರೆ ಇವರ ಮಟ್ಟಿಗೆ ಅದು ಸುಳ್ಳು, ಗೊತ್ತಿದ್ದೇ ಹಾಕಿದೆ ಎಂದೆ. ನಿನ್ನ ನೀಲಿ ಪುಸ್ತಕ ಕೊಟ್ಟೆ. ಅವರು ಇಡೀ ಪುಸ್ತಕ ತಿರುವಿದರು. ಅಮ್ಮು ಅಜ್ಜಿಯ ಮಾತ್ರೆ, ಶಾಂತಕ್ಕನ ಬಸ್ಸು, ಮಾವನ ತಕ್ಕಡಿ, ಎಲ್ಲ ನೋಡಿದರು. ಕೊನೆಗೆ ನಿನ್ನ ಅಪ್ಪನ ಪುಟ. ಮೇಲೆ ನಿನ್ನ ಕೆಂಪು ಗೆರೆ, ಅದರ ಕೆಳಗೆ ಸೆಪ್ಟೆಂಬರಿನ ನಾಲ್ಕು ಅಕ್ಷರ, ಮುಂದೆ ಡಿಸೆಂಬರ್ ಎರಡರ ತನಕ ಏನೂ ಇಲ್ಲ. ಆಮೇಲಿನ ಪಾಠಗಳನ್ನು ಕಾಗದದ ಒಂಬತ್ತು ಸಾಲಿನ ಪಕ್ಕ ಇಟ್ಟು ಒಂದೊಂದಾಗಿ ಬೆರಳಿಟ್ಟು ತಾಳೆ ನೋಡಿದರು. ವಕೀಲರು ಈಗ ನೆಟ್ಟಗೆ ಕೂತಿದ್ದರು.

"ಈ ಮನುಷ್ಯನಿಗೆ ಬರುವ ಓದೆಲ್ಲ ಈ ಕಾಗದದಿಂದಲೇ ಬಂದದ್ದು," ಎಂದರು ಅಧಿಕಾರಿ. ಆದೇಶ ಆಮೇಲೆ ಬರುತ್ತದೆ, ಅಲ್ಲಿಯವರೆಗೆ ತಂತಿ ಬಿಚ್ಚಿಡಬೇಕು ಎಂದು ಬರೆಸಿದರು.

ಮೆಟ್ಟಿಲಿಳಿಯುವಾಗ ಸುಧೀಷ್ ಸಾರ್ ಕ್ಲಾಸಿನ ಬೀಗದ ಕೈ ಕೇಳಿ ತೆಗೆದುಕೊಂಡರು. ನಾನು ಸುಳ್ಳು ಸಹಿ ಹಾಕಿದವಳು, ದೂರುವ ಹಾಗಿಲ್ಲ.

ಬಸ್ಸಿನಲ್ಲಿ ನಿನ್ನ ಅಪ್ಪನನ್ನು ಕೇಳಿದೆ, ಮಗಳು ಹಾಗೆ ಕೇಳಿಕೊಂಡರೂ ಯಾಕೆ ಓದಿದಿರಿ ಎಂದು. "ಅದ್ನ ಅವ್ಳಿಗೇ ಹೇಳ್ತೀನಿ," ಎಂದರು. ನೀನೇ ಕೇಳು.

ಮಿನಿ

*

ಬೈನೆಕೊಲ್ಲಿ
20 ಫೆಬ್ರವರಿ 2025

ಮಗಳು ಪ್ರಿಯ,

ಇದು ನಾನು ಬರೆಯೋದು. ಅಕ್ಷರ ಮಲಯಾಳದ್ದು. ಮಾತು ನಮ್ದು. ನಿಂಗೆ ಎರಡೂ ಬರ್ತದೆ. ಐದು ದಿನ ಆಯ್ತು ಬರೆಯಕ್ಕೆ. ಗೊತ್ತಿಲ್ಲದ ಅಕ್ಷರ ಟೀಚರನ್ನ ಕೇಳಿದೆ.

ಆರ್ಡರ್ ಬಂತು. ನನ್ನ ಸಹಿ ನಿಲ್ಲಲ್ಲ ಅಂತ ಬಂತು. ಎರಡು ಸಾಲು ನಾನೇ ಓದಿದೆ. ಉಳಿದದ್ದು ಟೀಚರು ಓದಿದರು. ಕೇಣಿ ಕಲ್ಲಿನ ಹತ್ರ ಓದಿದ್ದು. ಒಂಬತ್ತು ಮನೆಯವರೂ ಕೂತಿದ್ದರು. ಅವತ್ತು ರಾಮನ್ ಅವನ ಶುಂಠಿ ಗದ್ದೆ ಕತೆ ಅವನೇ ಹೇಳಿದ. ಯಾರೂ ನಗಲಿಲ್ಲ.

ಸಂಸ್ಥೆಯೋರು ಬೋರ್ಡು ಕಿತ್ಕೊಂಡು ಹೋದರು. ಟೀಚರು ಹೋಗಲಿಲ್ಲ. ಈಗ ನಮ್ಮ ಜಗಲಿಲಿ ಕ್ಲಾಸು. ನೀನು ಟೀಚರ ಮೇಲೆ ಸಿಟ್ಟು ಬಿಡು. ಹೆಸರು ನಾನು ಕೇಳಿದ್ದು.

ಕಚೇರಿಲಿ ಓದಲ್ಲ ಅನ್ನು ಅಂತ ಬರೆದಿದ್ದಿ. ಶರಿ ಅಂತ ಹೇಳಿದ್ದೆ. ಕೈಗೆ ಕಾಗದ ಬಂದಾಗ ಆಗಲಿಲ್ಲ. ಓದದೇ ಸಹಿ ಹಾಕಿ ಓದಿದೆ ಅಂತ ಒಂದು ಸುಳ್ಳು ಆಗಿತ್ತು. ಓದಕ್ಕೆ ಬಂದ ಮೇಲೆ ಬರಲ್ಲ ಅಂತ ಇನ್ನೊಂದು ಸುಳ್ಳು ಯಾಕೆ.

ನಿನ್ನ ನೀಲಿ ಪುಸ್ತಕದಲ್ಲಿ ನನ್ನ ಪುಟ ಓದಿದೆ. ನಂಗೆ ಏನು ಬೇಕು ಅಂತ ನೀನು ಬರೆದಿದ್ದಿ. ಸರಿಯಾಗೇ ಬರೆದಿದ್ದಿ. ಆದರೆ ನಂಗೆ ಹೇಳಲಿಲ್ಲ. ನಾಲ್ಕು ವರ್ಷ ಕಾಗೆ ಕೊಕ್ಕರೆ ಕೊಟ್ಟೆ. ಕೇಣಿ ಉಳಿಸಕ್ಕೆ ಓದಪ್ಪ ಅಂದಿದ್ದರೆ ಓದ್ತಿದ್ದೆ. ನಂಗೆ ಬೇಜಾರಿತ್ತು. ಅದಕ್ಕೇ ಬಸ್ಸಿಗೆ ಬರಲಿಲ್ಲ. ಆ ಬಸ್ಸು ಹೋಗೋದನ್ನ ಗದ್ದೆಯಿಂದ ನೋಡ್ತಾ ಇದ್ದೆ.

ನೀನು ಟೀಚರ್ ಆಗಿ ಬಂದ ಮೇಲೆ ಪುಟ ಬರೆಯಕ್ಕೆ ಮೊದಲು ಆ ಆಳನ್ನ ಕೇಳು.

ನಂಗೆ ಕಾಗದ ಬರೆ. ದೊಡ್ಡ ಅಕ್ಷರದಲ್ಲಿ ಬರೆ. ಓದಿ ಹೇಳಕ್ಕೆ ಈಗ ಯಾರೂ ಬೇಡ.

ಇದನ್ನ ಎರಡು ಸಲ ಓದಿ ನೋಡಿದೆ. ನಾನು ಹೇಳಬೇಕಾದ್ದೇ ಇದೆ. ಈಗ ಹೆಸರು ಹಾಕ್ತೀನಿ.

ಚಿಕ್ಕಮಾದು